ತೊಟ್ಟಿಗೆ ಪುಡಿ ಹಾಕಿದ ಮಧ್ಯಾಹ್ನ

ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಅಮ್ಮ ವೈಟ್‌ಫೀಲ್ಡ್ ಪಕ್ಕದ ನಮ್ಮ ಹಳ್ಳಿಗೆ ಪಂಚಾಯ್ತಿ ಅಧ್ಯಕ್ಷೆಯಾಗಿದ್ದಳು. ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳಿಗೂ ನಮ್ಮ ಮನೆಗೂ ಒಂದೇ ತೊಟ್ಟಿಯ ನೀರು. ಆ ಬೇಸಿಗೆಯಲ್ಲಿ ವಾಂತಿಭೇದಿ ಶುರುವಾಯಿತು. ತೊಟ್ಟಿಗೆ ಹಾಕಲು ಪುಡಿ ಬೇಕೆಂದು ಅಮ್ಮ ಒಂದು ತಿಂಗಳು ತಾಲ್ಲೂಕು ಕಚೇರಿಗೆ ಅಲೆದಳು. ಕೊನೆಗೆ ಪುಡಿಯ ಚೀಲ ಬಂದದ್ದು ನನ್ನ ಮೂರು ವರ್ಷದ ತಮ್ಮ ತೀರಿಕೊಂಡ ದಿನ.

ಮಾರನೆಯ ಮಧ್ಯಾಹ್ನ ಅವಳು ಕೂದಲು ಕಟ್ಟಿಕೊಂಡು ಚೀಲ ಎತ್ತಿಕೊಂಡಳು.

ಅಜ್ಜಿ ಅಡ್ಡ ಬಂದಳು. "ಕೂಸು ಮಣ್ಣಾಗಿ ಒಂದಿನ ಆಗಿಲ್ಲ. ಎಲ್ಲಿಗ್ ಹೊಂಟೆ ತಾಯಿ?"

"ಆ ನೀರ್ನ ಇವತ್ತೂ ಕುಡೀತಾವ್ರೆ ಅತ್ತೆ."

ನಾನು ಬಕೆಟ್ ಹಿಡಿದುಕೊಂಡು ಹಿಂದೆಯೇ ಹೋದೆ. ಅಮ್ಮ ಪುಡಿಯನ್ನು ನೀರಿಗೆ ಸುರಿದು ಕೋಲಿನಿಂದ ಕದಡತೊಡಗಿದಳು. ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾದವು. ರಾಯಚೂರು ಕಡೆಯ ಹೆಂಗಸೊಬ್ಬಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹತ್ತಿರ ಬಂದಳು.

"ಮೇಡಂ, ನಿಮ್ಮ ಸಣ್ಣ ಮಗಗೂ ಆರಾಮಿಲ್ಲಂತಲ್ರೀ. ಈಗ ಹೆಂಗದಾನ್ರೀ?"

ಕದಡುತ್ತಿದ್ದ ಕೋಲು ನಿಂತಿತು.

"ಮಲಗವ್ನೆ," ಎಂದಳು ಅಮ್ಮ. ಆ ಮಗುವಿನ ಕಡೆ ನೋಡದೆ, "ಇವತ್ತು ಈ ನೀರು ಕುಡಿಸ್ಬೇಡಮ್ಮ. ನಾಳೆಯಿಂದ ಕುಡಿಸು," ಎಂದಳು.

ಆಮೇಲೆ ಆ ಶೆಡ್ಡುಗಳಲ್ಲಿ ಯಾವ ಮಗುವೂ ಸಾಯಲಿಲ್ಲ. ಜನ ಮನೆಗೆ ಬಂದು ಕೈಮುಗಿದು ಅದನ್ನು ಹೇಳುತ್ತಿದ್ದರು. ಅವರು ಹೇಳಿ ಮುಗಿಸುವ ಮೊದಲೇ ಅಮ್ಮ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.