ಕಾರ್ಖಾನೆ ಕೇರಿಯ ಮತಗಟ್ಟೆ

ದೇಶದ ಮುಂದಿನ ಅಧ್ಯಕ್ಷರು ಯಾರೆಂದು ತೀರ್ಮಾನಿಸುವುದು ಆ ಒಂದು ರಾಜ್ಯವೇ ಎಂದು ಎಲ್ಲರೂ ನಂಬಿದ್ದರು. ಅಲ್ಲಿನ ಪ್ರಚಾರತಂತ್ರದ ಬಗ್ಗೆ ವಾರಿಜಾ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲಿನ ಒಂದು ಪಕ್ಷದ ತಂತ್ರಗಾರ ತನ್ನ ಸಹಾಯಕಿಗೆ ತಗ್ಗಿದ ದನಿಯಲ್ಲಿ ಹೇಳಿದ. ಕ್ಯಾಮೆರಾ ಓಡುತ್ತಿರುವುದು ಅವನಿಗೆ ತಿಳಿದಂತಿರಲಿಲ್ಲ.

“ಕಾರ್ಖಾನೆ ಕೇರಿಯವರು ನಮಗೆ ವೋಟು ಹಾಕಲ್ಲ. ಮತಗಟ್ಟೆ ಬಾಗಿಲಲ್ಲಿ ಇನ್ನೂರು ಜನರನ್ನ ನಿಲ್ಸಿ. ಬಂದೋರ ಕಾಗದಪತ್ರ ಕೇಳಲಿ, ಫೋಟೋ ತೆಗೀಲಿ.”

ವಾರಿಜಾಳಿಗೆ ನಿದ್ದೆ ಹತ್ತಲಿಲ್ಲ. ಕೇರಿಯವರಿಗೆ ಮೊದಲೇ ಗೊತ್ತಾಗಲಿ ಎಂದು ಮತದಾನದ ಹಿಂದಿನ ದಿನವೇ ಆ ತುಣುಕನ್ನು ಟಿವಿಯವರಿಗೆ ಕೊಟ್ಟಳು.

ಮರುದಿನ ಮತಗಟ್ಟೆ ಬಿಕೋ ಎನ್ನುತ್ತಿತ್ತು. ಎದುರು ಮನೆಯ ಮುದುಕಿ ಕಿಟಕಿಯಿಂದಲೇ, “ಟೀವೀಲಿ ನೋಡಿದ್ವಿ ಕಣಮ್ಮ, ಯಾರೂ ಹೊರಗೆ ಬರಲ್ಲ” ಎಂದಳು.

ವಾರಿಜಾ ತಂತ್ರಗಾರನಿಗೆ ಫೋನು ಮಾಡಿದಳು. “ನಿಮ್ಮ ಇನ್ನೂರು ಜನ ಎಲ್ಲಿ?”

“ಯಾವ ಜನ, ಮೇಡಂ? ನಾನು ಕಳಿಸಿದ್ದು ನಿಮ್ಮನ್ನೊಬ್ಬರನ್ನೇ.”