ಅಂಗೈ ಕೆಳಗಿನ ಅಂಗೈ

ಉಳವಿಗೆ ಹೋಗಿಬಂದವರು ಯಾರಾದರೂ ವಿಭೂತಿ ಗಟ್ಟಿ ಕೊಟ್ಟರೆ, ಅದರ ವಾಸನೆಗೆ ಇಂದಿಗೂ ದಾಂಡೇಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಕಾಗದದ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಇನ್ನು ಔಷಧ ಬೇಡವೆಂದು ಡಾಕ್ಟರು ಹೇಳಿಹೋದ ಮೇಲೆ ಅಜ್ಜಿ ಕೌದಿ ಬಿಟ್ಟು ಎದ್ದಿರಲಿಲ್ಲ. ಆದರೂ ಲಿಂಗಪೂಜೆಯಾಗದೆ ಗಂಜಿ ಮುಟ್ಟುತ್ತಿರಲಿಲ್ಲ. ಲಿಂಗ ಹಿಡಿಯುವ ಅವಳ ಎಡಗೈ ನಡುಗುತ್ತಿದ್ದುದರಿಂದ ಅವ್ವ ಅವಳನ್ನು ದಿಂಬಿಗೆ ಒರಗಿಸಿ, ತನ್ನ ಅಂಗೈಯನ್ನು ಆ ಕೈಯ ಕೆಳಗಿಟ್ಟು ಪೂಜೆ ಮಾಡಿಸುತ್ತಿದ್ದಳು. ಮುಗಿಸಿ ಗಂಜಿಯ ಚಮಚ ಎತ್ತುವಷ್ಟರಲ್ಲಿ ಅಜ್ಜಿಗೆ ಎಲ್ಲ ಮರೆತುಹೋಗುತ್ತಿತ್ತು.

“ಪೂಜಿನ ಆಗಿಲ್ಲಲ್ಲ, ನೀಲವ್ವ.”

“ಈಗ ಆತಲ್ರಿ, ಅತ್ತಿ.”

ಅಜ್ಜಿ ಚಮಚಕ್ಕೆ ಬಾಯಿ ತೆರೆಯಲಿಲ್ಲ. ಅವ್ವ ಕೈ ತೊಳೆದು ಬಂದು ಮತ್ತೆ ಕುಳಿತಳು. ನಾನು ಮತ್ತೆ ತಂಬಿಗೆಯಲ್ಲಿ ನೀರು ತಂದೆ.

ಹೀಗೇ ನಡೆದು ನಡೆದು, ಪೂಜೆಯ ನಡುವೆಯೇ ಅವ್ವ ಗೋಡೆಗೆ ಒರಗಿ ನಿದ್ದೆಹೋದಳು. ಅಜ್ಜಿಯ ಕೈಯನ್ನೂ ಲಿಂಗವನ್ನೂ ಹೊತ್ತ ಅಂಗೈ ಮಾತ್ರ ಸಡಿಲಲಿಲ್ಲ. ಎಬ್ಬಿಸಲು ಹೋದೆ. ಅಜ್ಜಿ ಕಣ್ಣಲ್ಲೇ ತಡೆದಳು. ಬಲಗೈ ಬೆರಳಿಗೆ ವಿಭೂತಿ ತೀಡಿಕೊಂಡು ಅವ್ವನ ಹಣೆಗೆ ಚಾಚಿದಳು, ನಿಲುಕಲಿಲ್ಲ. ಅವಳ ಮುಂಗೈಗೆ ಹಚ್ಚಿದಳು.

“ಎದ್ದಮ್ಯಾಲೆ ಆ ಗಂಜಿ ಆಕೀಗೆ ಕೊಡು,” ಎಂದಳು. “ಮುಂಜಾನಿಂದ ಏನೂ ತಿಂದಿಲ್ಲ.”