ಏಳು ಕೆಂಪು ಸುತ್ತು

ಉಕ್ತಲೇಖನದ ನೋಟ್‌ಬುಕ್ಕು ಬೆಂಚಿನ ಮೇಲೆ ಬಂದು ಬಿದ್ದಾಗ ನವ್ಯಶ್ರೀ ನೋಡಿದಳು: ಹತ್ತು ಪದಗಳಲ್ಲಿ ಏಳಕ್ಕೆ ಕೆಂಪು ಸುತ್ತು. ಅಳ್ಳಿ, ಅಸು, ಊವು, ಆಲು. ಏಳರಲ್ಲೂ ಹಕಾರವೇ ಮಾಯ. ಏಳನೇ ಕ್ಲಾಸು ಮುಗಿಯುತ್ತಾ ಬಂದಿದ್ದರೂ ಈ ಸುತ್ತುಗಳು ಅವಳನ್ನು ಬಿಟ್ಟಿರಲಿಲ್ಲ. ತಪ್ಪಿದ ಪದಗಳನ್ನು ಮನೆಯಲ್ಲಿ ಇಪ್ಪತ್ತಿಪ್ಪತ್ತು ಸಲ ಬರೆದಿದ್ದಳು, ಬೂದಿಕೋಟೆಯ ಬಸ್ಸಿನಲ್ಲಿ ಕೂತೂ ಬರೆದಿದ್ದಳು. ಇವತ್ತಂತೂ ಮೈಯೆಲ್ಲ ಕಿವಿಯಾಗಿ ಕೇಳಿ, ಕೇಳಿದ್ದನ್ನೇ ಬರೆದಿದ್ದಳು.

"ನಾನೇನ್ ಏಳ್ದೆ, ನೀನೇನ್ ಬರ್ದಿದ್ದೀಯ?" ಶಾಲೆಯಿರುವ ಬೇತಮಂಗಲದಲ್ಲೇ ಹುಟ್ಟಿ ಬೆಳೆದ ಕೊಂಡಪ್ಪ ಮೇಷ್ಟ್ರು ಮೇಜು ಕುಟ್ಟಿದರು. "ವರ್ಸೆಲ್ಲಾ ಇದೇ ಆಯ್ತು. ಯಾಕಮ್ಮ ಇಂಗೆ? ಏಳು."

ನವ್ಯಶ್ರೀ ಎದ್ದು ನಿಂತಳು.

"ನಿಂತ್ಕೊ ಅಂದ್ನಾ ನಿನ್ಗೆ? ಬಾಯ್ಬಿಟ್ಟು ಏಳು ಅಂದೆ."

ಅಳುವಿಗಿಂತ ಮೊದಲು ಸಿಟ್ಟು ಹೊರಬಿತ್ತು. ಅವಳು ನೋಟ್‌ಬುಕ್ಕನ್ನು ಬಿಡಿಸಿ ಎದೆಯ ಮುಂದೆ ಹಿಡಿದಳು, ಏಳು ಸುತ್ತುಗಳೂ ಅವರಿಗೆ ಕಾಣುವ ಹಾಗೆ.

"ಸಾರ್, ಈಗ ನೀವು ಏಳು ಅಂದ್ರಲ್ಲ, ಅದ್ರಲ್ಲಿ ಹ ಐತಾ, ಇಲ್ವಾ?"

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಊರೆಲ್ಲ ಆಡುವುದೇ ಹಾಗಾದ್ದರಿಂದ ಅವರ್ಯಾರಿಗೂ ಮೇಷ್ಟ್ರ ಮಾತಿನಲ್ಲಿ ವಿಶೇಷವೇನೂ ಕೇಳಿಸಿರಲಿಲ್ಲ. ಕೇಳಿಸಿದ್ದು ಮೇಷ್ಟ್ರೊಬ್ಬರಿಗೇ. ಸರಿಯಾಗಿ ಹೇಳಿ ತೋರಿಸಲು ಬಾಯಿ ತೆರೆದರು. ಪದ ತುಟಿಯವರೆಗೆ ಬಂದು ನಿಂತುಬಿಟ್ಟಿತು. ಕೆಂಪು ಪೆನ್ನಿಗೆ ಮೆಲ್ಲಗೆ ಮುಚ್ಚಳ ಹಾಕಿದರು.

"ಕೂತ್ಕೊ" ಎಂದರು. ಆ ಪದದಲ್ಲಿ ಹಕಾರದ ಗೊಡವೆ ಇರಲಿಲ್ಲ.